ಸುಳ್ಳು ಸಾಮಾನು, ಅಸಲಿ ಬೆಲೆ

2024ರ ಡಿಸೆಂಬರಿನಲ್ಲಿ ಒಂದು ಜೊತೆ ಹಳೇ ಕೆಂಪು ಶೂ 2.8 ಕೋಟಿ ಡಾಲರಿಗೆ ಹರಾಜಾಯಿತು. ಹರಾಜು ಕಂಪನಿಯ ಕಮಿಷನ್ ಸೇರಿಸಿದರೆ 3.25 ಕೋಟಿ. 1939ರ ‘ದಿ ವಿಜರ್ಡ್ ಆಫ್ ಆಜ್’ ಸಿನಿಮಾಕ್ಕೆ ಅದರ ನಾಯಕಿ ಜೂಡಿ ಗಾರ್ಲಂಡ್‌ಗಾಗಿ ಮಾಡಿಸಿದ ಶೂಗಳು ಅವು. ಕೂಗು ಏರುತ್ತಾ ಹೋಗುವ ಆ ವಿಡಿಯೋವನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಗೆಳೆಯನಿಗೆ ಸಿನಿಮಾ ಅಂದರೆ ಇಷ್ಟ, ಆದರೆ ಇಂಥ ಹುಚ್ಚು ಯಾವುದೂ ಇಲ್ಲ. ‘ಅದನ್ನ ಹಾಕ್ಕೊಂಡು ಓಡಾಡೋಕಾಗುತ್ತೇನೋ?’ ಅಂದ. ಇಲ್ಲ ಅಂದೆ. ‘ಹೋಗ್ಲಿ, ಅದರಲ್ಲಿರೋದು ನಿಜವಾದ ಮಾಣಿಕ್ಯಾನಾ?’ ಅದೂ ಅಲ್ಲ ಅಂದೆ. ‘ಮತ್ತೆ ಏನಕ್ಕೋ?’

ನಾನು ಅಭಿಮಾನ, ನೆನಪು ಅಂತ ಏನೋ ಗೊಣಗಿದೆ. ಅದು ಉತ್ತರ ಅಲ್ಲ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಿನಿಮಾ ಮೇಲೆ ಅಭಿಮಾನ ಇದ್ದರೆ ಸಿನಿಮಾವನ್ನೇ ಮತ್ತೆ ನೋಡಬಹುದಲ್ವಾ? ಅದರ ಶೂ ಯಾಕೆ ಬೇಕು? ಆವತ್ತಿನಿಂದ ಈ ಪ್ರಶ್ನೆ ತಲೆಯಲ್ಲಿ ಸುತ್ತುತ್ತಲೇ ಇದೆ.

ಆ ಶೂಗಳದ್ದೇ ಒಂದು ಕಥೆ ಇದೆ. 2005ರಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದ ಜೂಡಿ ಗಾರ್ಲಂಡ್ ಮ್ಯೂಸಿಯಮ್ಮಿನಿಂದ ಅವು ಕಳುವಾಗಿದ್ದವು. ಕದ್ದವನು ಹಳೇ ಕಸುಬುದಾರ. ಶೂ ಮೇಲೆ ಹೊಳೆಯುತ್ತಿರುವುದು ನಿಜವಾದ ಮಾಣಿಕ್ಯ ಅಂತಲೇ ನಂಬಿ ಗಾಜು ಒಡೆದಿದ್ದ. ಕಳ್ಳಮಾಲು ಕೊಳ್ಳುವವನು ನೋಡಿ ಇದು ಬರೀ ಗಾಜು ಅಂದಮೇಲೆ ಅದನ್ನು ಬೇರೆಯವರಿಗೆ ದಾಟಿಸಿ ಕೈತೊಳೆದುಕೊಂಡ. ಅವನು ಆ ಸಿನಿಮಾವನ್ನು ನೋಡಿಯೇ ಇರಲಿಲ್ಲ ಅಂತ ಮುಂದೆ ಅವನ ವಕೀಲರು ಹೇಳಿದರು. 2018ರಲ್ಲಿ ಎಫ್‌ಬಿಐನವರು ಶೂ ಹುಡುಕಿ ತಂದರು. ಈ ಕಳ್ಳ ನನಗೆ ತುಂಬ ಬೇಕಾದವನು. ಯಾಕೆಂದರೆ ಸಿನಿಮಾ ನೋಡದವನ ಕಣ್ಣಿಗೆ ಆ ಶೂ ಹೇಗೆ ಕಾಣುತ್ತೆ ಅನ್ನುವುದಕ್ಕೆ ಅವನೇ ಸಾಕ್ಷಿ. ಚಮಕಿ, ಗಾಜಿನ ಮಣಿ, ಹಳೇ ಚರ್ಮ. ಬಿಸಾಕಬಹುದಾದ ವಸ್ತು. ಆ ಶೂ ಕೆಂಪಾಗಿದ್ದೂ ಕ್ಯಾಮೆರಾಗೋಸ್ಕರ. ಮೂಲ ಕಥೆಯಲ್ಲಿ ಅವು ಬೆಳ್ಳಿಯವು. ಟೆಕ್ನಿಕಲರ್ ಅನ್ನುವ ಆಗಿನ ಬಣ್ಣದ ಸಿನಿಮಾ ತಂತ್ರದಲ್ಲಿ ಚೆನ್ನಾಗಿ ಎದ್ದು ಕಾಣಲಿ ಅಂತ ಸಿನಿಮಾದವರು ಬಣ್ಣ ಬದಲಾಯಿಸಿದರು. ಅಂದರೆ ಅದರ ಹೊಳಪು, ಅದರ ಬಣ್ಣ, ಅದರ ಹೆಸರು ಎಲ್ಲವೂ ನಟನೆಯೇ. ಆ ನಟನೆಗೆ ಇಷ್ಟು ಬೆಲೆ.

ಕೈಗೆ ಸಿಗದ ಸಿನಿಮಾ

ಒಂದು ಪುಸ್ತಕ ತುಂಬ ಹಿಡಿಸಿದರೆ ಕೊಂಡು ತಂದು ಇಟ್ಟುಕೊಳ್ಳಬಹುದು. ಚಿತ್ರಕಲಾವಿದರು ಬರೆದ ಚಿತ್ರಕ್ಕೆ ಮೂಲ ಪ್ರತಿ ಅಂತ ಒಂದಿರುತ್ತೆ. ಕೊಳ್ಳುವ ಶಕ್ತಿ ನಮಗಿಲ್ಲದೇ ಇರಬಹುದು, ಆದರೆ ಎಲ್ಲೋ ಒಂದು ಗೋಡೆ ಮೇಲೆ ಅದು ಇದೆ ಅನ್ನುವುದು ಗೊತ್ತು. ಸಿನಿಮಾದಲ್ಲಿ ಮೂಲ ಯಾವುದು? ನೆಗೆಟಿವ್ ಅನ್ನಬಹುದು. ಆದರೆ ನೆಗೆಟಿವನ್ನು ಯಾರು ನೋಡಿದ್ದಾರೆ? ನಾವು ನೋಡಿದ್ದು ಪರದೆ ಮೇಲೆ ಬಿದ್ದ ಬೆಳಕು. ದೀಪ ಹೊತ್ತಿಕೊಂಡ ಕೂಡಲೇ ಅದು ಹೋಯಿತು. ಡಿವಿಡಿ ಕೊಂಡರೂ ಅಷ್ಟೇ, ತಟ್ಟೆಯನ್ನು ಕೈಯಲ್ಲಿ ಹಿಡಿದರೆ ಸಿನಿಮಾ ಹಿಡಿದ ಹಾಗೆ ಆಗಲ್ಲ. ಈಗಂತೂ ಅದೂ ಇಲ್ಲ, ಎಲ್ಲ ಎಲ್ಲೋ ದೂರದ ಸರ್ವರ್‌ನಲ್ಲಿ. ತಿಂಗಳ ಬಾಡಿಗೆ ಕಟ್ಟಿದರೆ ಇರುತ್ತೆ, ಇಲ್ಲದಿದ್ದರೆ ಇಲ್ಲ.

ಹೀಗೆ ನಮ್ಮನ್ನು ಅಳಿಸಿ, ನಗಿಸಿ, ವರ್ಷಗಟ್ಟಲೆ ಕಾಡುವ ಒಂದು ಕಲೆ ಮುಟ್ಟುವುದಕ್ಕೆ ಏನನ್ನೂ ಬಿಟ್ಟುಹೋಗುವುದಿಲ್ಲ. ಪ್ರಾಪ್ಸು ಅಂದರೆ ಶೂಟಿಂಗಿಗೆ ಬಳಸಿದ ಸಾಮಾನು, ಮತ್ತೆ ಕಾಸ್ಟ್ಯೂಮು, ಇವುಗಳ ಸೆಳೆತ ಇಲ್ಲಿಂದಲೇ ಶುರುವಾಗುತ್ತೆ ಅಂತ ನನ್ನ ಅಂದಾಜು. ಅವು ಆ ದಿನ ಕ್ಯಾಮೆರಾ ಮುಂದೆ ಇದ್ದವು. ನಟ ಅವನ್ನು ಮುಟ್ಟಿದ್ದ. ಅದೇ ಲೈಟು ಅವುಗಳ ಮೇಲೆ ಬಿದ್ದಿತ್ತು. ಪರದೆಯ ಆಚೆ ಬದಿಯಿಂದ ಈಚೆಗೆ ದಾಟಿ ಬರುವುದಕ್ಕೆ ಸಾಧ್ಯ ಇರುವುದು ಅವಕ್ಕೆ ಮಾತ್ರ.

2024ರ ಮಾರ್ಚಿನಲ್ಲಿ ‘ಟೈಟಾನಿಕ್’ ಸಿನಿಮಾದ ಮರದ ಹಲಗೆ 7,18,750 ಡಾಲರಿಗೆ ಹೋಯಿತು. ನಾಯಕಿ ಅದರ ಮೇಲೆ ಮಲಗಿ ಬದುಕುತ್ತಾಳೆ, ನಾಯಕ ನೀರಿನಲ್ಲೇ ಉಳಿಯುತ್ತಾನೆ. ಇಬ್ಬರಿಗೂ ಜಾಗ ಇತ್ತೋ ಇಲ್ಲವೋ ಅಂತ ಜನ 1997ರಿಂದ ಜಗಳ ಆಡುತ್ತಲೇ ಇದ್ದಾರೆ. ತಮಾಷೆ ಏನೆಂದರೆ, ಈ ಹಲಗೆಗೆ ಮಾದರಿಯಾದ ಅಸಲಿ ಅವಶೇಷ ಬೇರೆ ಇದೆ. ಮುಳುಗಿದ ನಿಜವಾದ ಹಡಗಿನದ್ದು, ಕೆನಡಾದ ಹ್ಯಾಲಿಫ್ಯಾಕ್ಸ್‌ನ ಮ್ಯೂಸಿಯಮ್ಮಿನಲ್ಲಿ. ಅದರ ಮುಂದೆ ನಿಂತರೆ ಸಾವಿರದೈನೂರು ಜನರ ಸಾವು ನೆನಪಾಗಬೇಕು, ಆಗುತ್ತೆ ಕೂಡ. ಆದರೆ ಸ್ಟುಡಿಯೋದ ತೊಟ್ಟಿಯಲ್ಲಿ ತೇಲಿದ ಹಗುರ ಬಾಲ್ಸಾ ಮರದ ನಕಲಿ ಹಲಗೆಯನ್ನು ಕಂಡರೆ ನೆನಪಾಗುವುದು ನಮ್ಮದೇ ಅಳು. ಯಾರ ಪಕ್ಕ ಕೂತು ನೋಡಿದ್ದು, ಯಾವ ವಯಸ್ಸಲ್ಲಿ ನೋಡಿದ್ದು ಅನ್ನುವುದೆಲ್ಲ ಬರುತ್ತೆ. ಇತಿಹಾಸದ ವಸ್ತು ಬೇರೆಯವರ ಬದುಕಿನದ್ದು. ಸಿನಿಮಾದ ವಸ್ತು ಬೇರೆಯವರದ್ದಾಗಿದ್ದರೂ ಹೇಗೋ ನಮ್ಮದಾಗಿಬಿಟ್ಟಿರುತ್ತೆ.

ಕ್ಯಾಮೆರಾ ಈ ಕಡೆ ಬರಲ್ಲ

ಆರ್ಟ್ ಡಿಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುವ ಒಬ್ಬರ ಪರಿಚಯ ನನಗಿದೆ. ಒಮ್ಮೆ ತಮ್ಮ ಗೋಡೌನಿಗೆ ಕರೆದುಕೊಂಡು ಹೋಗಿದ್ದರು. ಒಳಗೆ ಹೋದ ತಕ್ಷಣ ಮೂಗಿಗೆ ಬಡಿದದ್ದು ಪೇಂಟು, ಫೆವಿಕಾಲು, ಧೂಳು ಎಲ್ಲ ಕಲೆತ ಒಂದು ವಾಸನೆ. ಮೂಲೆಯಲ್ಲಿ ಮನುಷ್ಯನಷ್ಟು ಎತ್ತರದ ಒಂದು ಬಂಡೆ. ಪಾಚಿ ಕಟ್ಟಿತ್ತು, ಬಿರುಕು ಬಿಟ್ಟಿತ್ತು, ಒಂದು ಕಡೆ ನೀರು ಇಳಿದ ಕಲೆ ಬೇರೆ. ಅವರು ಅದನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಥರ್ಮಾಕೋಲ್. ಗೊತ್ತಿದ್ದ ವಿಷಯವೇ. ಆದರೂ ಎತ್ತಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ಕಣ್ಣು ಹೇಳಿದ ಭಾರವನ್ನು ಮೈ ಆಗಲೇ ನಂಬಿಬಿಟ್ಟಿತ್ತು.

ಬಂಡೆಯ ಹಿಂದೆ ಹೋಗಿ ನೋಡಿದೆ. ಬಿಳಿ ಬಿಳಿ, ಕೊರೆದ ಗುರುತು, ಪೆನ್ಸಿಲಿನಲ್ಲಿ ಬರೆದ ಅಳತೆ. ‘ಈ ಕಡೆ ಯಾಕೆ ಬಿಟ್ಟಿದ್ದೀರಾ?’ ಅಂದೆ. ‘ಕ್ಯಾಮೆರಾ ಈ ಕಡೆ ಬರಲ್ಲ ಸಾರ್’ ಅಂದರು, ಇದೂ ಒಂದು ಪ್ರಶ್ನೆಯಾ ಅನ್ನುವ ಹಾಗೆ. ಆಮೇಲೆ ಕತ್ತಿಗಳನ್ನು ತೋರಿಸಿದರು. ಒಂದೇ ಕತ್ತಿ ಮೂರು ಥರ. ಕ್ಲೋಸಪ್ಪಿಗೆ ಲೋಹದ್ದು, ಕೆತ್ತನೆ ಎಲ್ಲ ಇರುವಂಥದ್ದು. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದಕ್ಕೆ ಫೈಬರಿನದ್ದು. ಫೈಟಿಗೆ, ಡೂಪ್ ಕೈಗೆ ಕೊಡುವುದಕ್ಕೆ ರಬ್ಬರಿನದ್ದು. ಪರದೆ ಮೇಲೆ ಇದು ಒಂದೇ ಕತ್ತಿ, ಅದಕ್ಕೊಂದು ಹೆಸರೂ ಇರಬಹುದು, ತಾತನ ಕಾಲದಿಂದ ಬಂದದ್ದು ಅಂತ ಡೈಲಾಗೂ ಇರಬಹುದು.

ಒಂದು ಫೈಲಿನಲ್ಲಿ ಕಾಗದಗಳಿದ್ದವು. ಅದರಲ್ಲಿ ಒಂದು ಪತ್ರ. ಕಾಗದಕ್ಕೆ ಟೀ ಡಿಕಾಕ್ಷನ್ ಬಳಿದು ಹಳದಿ ಮಾಡಿದ್ದರು, ಅಂಚು ಸುಟ್ಟು ಉಜ್ಜಿದ್ದರು, ನಾಲ್ಕು ಮಡಿಕೆಯ ಗುರುತು. ಶಾಯಿಯಲ್ಲಿ ಬರೆದ ಚಂದದ ಅಕ್ಷರ. ಓದಿದೆ. ಮೊದಲ ನಾಲ್ಕು ಸಾಲು ಕಥೆಯದು, ಒಬ್ಬ ಅಪ್ಪ ಮಗನಿಗೆ ಬರೆದದ್ದು. ಐದನೇ ಸಾಲಿನಿಂದ ಮತ್ತೆ ಅದೇ ನಾಲ್ಕು ಸಾಲು. ಕೆಳಗೆ ಇನ್ನೊಮ್ಮೆ ಅದೇ. ಪುಟದ ತುದಿಯವರೆಗೂ ಹೀಗೆ. ಕ್ಯಾಮೆರಾ ಮೇಲಿನ ಭಾಗವನ್ನಷ್ಟೇ ಓದುತ್ತೆ, ಉಳಿದದ್ದು ಬರವಣಿಗೆ ಇದೆ ಅಂತ ಕಂಡರೆ ಸಾಕು. ಆ ಪತ್ರ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅದನ್ನು ಕೊಡ್ತೀರಾ ಅಂತ ಕೇಳುವ ಧೈರ್ಯ ಆಗಲಿಲ್ಲ, ಆದರೆ ಕೇಳಬೇಕು ಅನ್ನಿಸಿದ್ದಂತೂ ನಿಜ. ಅಲ್ಲಿದ್ದ ಲೋಹದ ಕತ್ತಿಗಿಂತ ಅದು ಜಾಸ್ತಿ ಬೇಕಿತ್ತು.

ಅಲ್ಲೇ ನನಗೆ ಒಂದು ವಿಷಯ ತಿಳಿದಂತಾಯಿತು. ಈ ವಸ್ತುಗಳ ಸೊಗಸೆಲ್ಲ ಅವುಗಳ ಹಿಂಭಾಗದಲ್ಲಿದೆ. ಮುಂಭಾಗವನ್ನು ನಾವು ಆಗಲೇ ನೋಡಿದ್ದೇವೆ, ಅದೂ ಮೂವತ್ತು ಅಡಿ ಅಗಲದ ಪರದೆಯಲ್ಲಿ. ವಸ್ತು ಕೈಗೆ ಬಂದಾಗ ಹೊಸದಾಗಿ ಸಿಗುವುದು ಬಣ್ಣ ಬಳಿಯದ ಬದಿ, ಅವಸರದಲ್ಲಿ ಹೊಡೆದ ಮೊಳೆ, ಮೂರನೇ ಸಲ ಅದೇ ಸಾಲು ಬರೆಯುವಾಗ ಓರೆಯಾದ ಅಕ್ಷರ. ಯಾರೋ ಒಬ್ಬರು ರಾತ್ರಿಯೆಲ್ಲ ಕೂತು ಮಾಡಿದ ಕೆಲಸ. ಅವರ ಹೆಸರು ಟೈಟಲ್ ಕಾರ್ಡಿನಲ್ಲಿ ಬಂದಿರಬಹುದು, ಬರದೇ ಇರಬಹುದು. ನಾಯಕ ಮುಟ್ಟಿದ್ದು ಅಂತ ನಾವು ಕೊಳ್ಳುತ್ತೇವೆ, ಮನೆಗೆ ಬರುವುದು ಇವರ ಕೈಗುರುತು.

ಸಿನಿಮಾಕ್ಕೂ ಈ ಅಸಲಿ-ನಕಲಿ ಆಟ ಗೊತ್ತಿದೆ. 1941ರ ‘ದಿ ಮಾಲ್ಟೀಸ್ ಫಾಲ್ಕನ್’ ಕಥೆಯೇ ನೋಡಿ. ಒಂದು ರತ್ನದ ಹಕ್ಕಿಗಾಗಿ ಎಲ್ಲರೂ ಒಬ್ಬರನ್ನೊಬ್ಬರು ಮೋಸ ಮಾಡುತ್ತಾರೆ. ಕೊನೆಗೆ ಸಿಕ್ಕ ಹಕ್ಕಿ ಸೀಸದ್ದು, ನಕಲಿ. ಆ ಸಿನಿಮಾದಲ್ಲಿ ಬಳಸಿದ ಸೀಸದ ಹಕ್ಕಿ 2013ರಲ್ಲಿ 40 ಲಕ್ಷ ಡಾಲರಿಗೂ ಜಾಸ್ತಿ ಬೆಲೆಗೆ ಹರಾಜಾಯಿತು. ಸುಮಾರು 20 ಕಿಲೋ ತೂಕದ ಸೀಸ. ಕಥೆಯಲ್ಲಿ ನಕಲಿ ಅಂತ ಗೊತ್ತಾದ ಕೂಡಲೇ ಅದನ್ನು ಚಾಕುವಿನಿಂದ ಕೆರೆದು ಒದ್ದಾಡಿದ್ದರಲ್ಲ, ಹೊರಗೆ ಅದೇ ನಕಲಿ ಹಕ್ಕಿಯೇ ಅಸಲಿ. ಬೇರೆ ಯಾರಾದರೂ ಅಂಥದ್ದೇ ಇನ್ನೊಂದು ಎರಕ ಹೊಯ್ದರೆ ಅದು ನಕಲಿ. ಇದನ್ನು ನನ್ನ ಗೆಳೆಯನಿಗೆ ವಿವರಿಸಲು ಹೋಗಿ ನನಗೇ ತಲೆ ಸುತ್ತಿತು.

ಬಟ್ಟೆಯ ಮಾತು ಬೇರೆ

ಕತ್ತಿ, ಹಕ್ಕಿ, ಹಲಗೆ ಇವೆಲ್ಲ ವಸ್ತುಗಳು. ಬಟ್ಟೆಯ ವಿಷಯಕ್ಕೆ ಬಂದರೆ ಸ್ವಲ್ಪ ಮುಜುಗರ ಶುರುವಾಗುತ್ತೆ. ಬಟ್ಟೆಯೊಳಗೆ ಒಂದು ಮೈ ಇತ್ತು. ಅದರ ಬೆವರು, ಅದರ ಅಳತೆ ಇನ್ನೂ ಅಲ್ಲೇ ಇರುತ್ತೆ.

ಸಿನಿಮಾ ಕಾಸ್ಟ್ಯೂಮುಗಳ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಒಂದು ರಾಜನ ಪೋಷಾಕು ಇತ್ತು. ಪರದೆ ಮೇಲೆ ಆ ನಟನನ್ನು ನೋಡಿ ಆರಡಿ ಆಳು ಅಂತಲೇ ತಿಳಿದಿದ್ದೆ. ಬೊಂಬೆಗೆ ಹಾಕಿದ್ದ ಆ ಅಂಗಿಯ ಹೆಗಲು ನನ್ನ ಹೆಗಲಿಗಿಂತ ಕೆಳಗಿತ್ತು. ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಮುಂದಿನಿಂದ ನೋಡಿದರೆ ಜರಿ, ಮುತ್ತು, ಭಾರಿ ಕಸೂತಿ. ಹತ್ತಿರ ಬಾಗಿದರೆ ಜರಿ ಅಂದುಕೊಂಡದ್ದು ಬಟ್ಟೆ ಮೇಲೆ ಒತ್ತಿದ ಚಿನ್ನದ ಬಣ್ಣದ ಪೇಂಟು. ಮುತ್ತುಗಳಲ್ಲಿ ಒಂದೆರಡು ಉದುರಿ, ಅಂಟಿನ ಗುರುತು ಒಣಗಿ ಕಂದಾಗಿತ್ತು. ಬೆನ್ನಿನ ಕಡೆ ಬಂದರೆ ರಾಜನ ಘನತೆ ಪೂರ್ತಿ ಮುಗಿಯಿತು. ಹುಕ್ಕು, ವೆಲ್ಕ್ರೋ, ಎಲಾಸ್ಟಿಕ್, ಎರಡು ಸೇಫ್ಟಿ ಪಿನ್. ಬೇಗ ಹಾಕಬೇಕು, ಬೇಗ ಬಿಚ್ಚಬೇಕು, ಎರಡು ಶಾಟ್ ನಡುವೆ ಅವರು ಉಸಿರಾಡಬೇಕಲ್ಲ. ಕಾಲರಿನ ಒಳಗೆ ಹೊಲಿದ ಪಟ್ಟಿಯಲ್ಲಿ ಇಂಕಿನಲ್ಲಿ ನಟನ ಹೆಸರು, ಸೀನ್ ನಂಬರು. ಕಂಕುಳಲ್ಲಿ ಬೆವರಿನ ಅರ್ಧಚಂದ್ರ. ಆ ಕಲೆಯನ್ನು ನೋಡಿದಾಗ ಆ ನಟನ ಬಗ್ಗೆ ಇದ್ದ ಗೌರವ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ಉರಿಯುವ ಲೈಟಿನ ಕೆಳಗೆ ಈ ಸೆಕೆಯ ಚೀಲದೊಳಗೆ ನಿಂತು ಆ ಮನುಷ್ಯ ಹಾಗೆ ನಗುತ್ತಿದ್ದನಲ್ಲ!

ಕಾಸ್ಟ್ಯೂಮಿನವರ ಕೆಲಸದಲ್ಲಿ ಅರ್ಧ ಹೊಸ ಬಟ್ಟೆಯನ್ನು ಹಳೆಯದು ಮಾಡುವುದೇ. ಮರಳು ಕಾಗದದಲ್ಲಿ ಮೊಣಕೈ ಉಜ್ಜುತ್ತಾರೆ, ತಂತಿ ಬ್ರಷ್ ಎಳೆಯುತ್ತಾರೆ, ಬಣ್ಣ ಚಿಮುಕಿಸಿ ಮಣ್ಣು ಮಾಡುತ್ತಾರೆ. ಒಂದೇ ಅಂಗಿಯ ನಾಲ್ಕೈದು ಪ್ರತಿ ಇರುತ್ತೆ. ಶುಭ್ರವಾದದ್ದು, ಹರಿದದ್ದು, ರಕ್ತ ಅಂಟಿದ್ದು, ಡೂಪಿನದ್ದು. ಹಾಗಾಗಿ ಹರಾಜಿನಲ್ಲಿ ಬರುವ ಬಟ್ಟೆಯ ಮೇಲಿನ ಕಲೆ ನಿಜವಾದ ಬೆವರಾ, ಹಚ್ಚಿದ ಬೆವರಾ ಅನ್ನುವುದೇ ಒಂದು ಪ್ರಶ್ನೆ. ಸಂಗ್ರಾಹಕರು ಎರಡನ್ನೂ ಒಗೆಯುವುದಿಲ್ಲ. ಒಗೆದರೆ ಬೆಲೆ ಹೋಯಿತು.

ಜೂಡಿ ಗಾರ್ಲಂಡ್ ‘ದಿ ವಿಜರ್ಡ್ ಆಫ್ ಆಜ್’ನಲ್ಲಿ ಹಾಕಿಕೊಂಡಿದ್ದ ನೀಲಿ ಚೌಕಳಿ ಫ್ರಾಕು 2021ರಲ್ಲಿ ಕ್ಯಾಥೊಲಿಕ್ ಯೂನಿವರ್ಸಿಟಿ ಆಫ್ ಅಮೆರಿಕದ ನಾಟಕ ವಿಭಾಗದಲ್ಲಿ ಒಂದು ಚೀಲದಲ್ಲಿ ಸಿಕ್ಕಿತು. 1970ರ ದಶಕದಲ್ಲಿ ಯಾರೋ ಉಡುಗೊರೆ ಕೊಟ್ಟದ್ದು, ಎಲ್ಲಿಟ್ಟರು ಅಂತ ಎಲ್ಲರಿಗೂ ಮರೆತೇ ಹೋಗಿತ್ತು. ಇದು ಅಸಲಿಯೇ ಅಂತ ತಜ್ಞರು ಹೇಳುವಾಗ ಆಧಾರ ಮಾಡಿಕೊಂಡ ಗುರುತುಗಳಲ್ಲಿ ಒಂದು ನನಗೆ ತುಂಬ ಇಷ್ಟ. ಫ್ರಾಕಿನ ಬಲಬದಿಯಲ್ಲಿ ಒಂದು ಗುಟ್ಟಿನ ಜೇಬು, ಕರ್ಚೀಫ್ ಇಟ್ಟುಕೊಳ್ಳುವುದಕ್ಕೆ. ಸಿನಿಮಾದಲ್ಲಿ ಆ ಜೇಬಿಗೆ ಏನೂ ಕೆಲಸ ಇಲ್ಲ. ಅದು ಪಾತ್ರದ ಜೇಬಲ್ಲ, ನಟಿಸಿದ ಆ ಹದಿಹರೆಯದ ಹುಡುಗಿಯದ್ದು. ನನ್ನನ್ನು ಕೇಳಿದರೆ ಆ ಫ್ರಾಕಿನ ಬೆಲೆ ಎಲ್ಲ ಆ ಜೇಬಿನಲ್ಲಿದೆ.

ಕಸದಬುಟ್ಟಿಯಿಂದ ಗಾಜಿನ ಪೆಟ್ಟಿಗೆಗೆ

ಈ ವಸ್ತುಗಳಿಗೆ ಬೆಲೆ ಇದೆ ಅಂತ ಸಿನಿಮಾದವರಿಗೇ ಎಷ್ಟೋ ವರ್ಷ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ ಅನ್ನಿ. ಸ್ಟುಡಿಯೋಗೆ ಅದು ಸಾಮಾನು. ಈ ಸಿನಿಮಾದ ಪರದೆ ಆ ಸಿನಿಮಾದ ಲಂಗ ಆಗುತ್ತೆ. ರಾಣಿಯ ಗೌನಿಗೆ ಬೇರೆ ಬಣ್ಣ ಹಾಕಿ ದಾಸಿಗೆ ತೊಡಿಸುತ್ತಾರೆ. ಉಳಿದದ್ದು ಗುಜರಿಗೆ. 1970ರಲ್ಲಿ, ‘ದಿ ವಿಜರ್ಡ್ ಆಫ್ ಆಜ್’ ಮಾಡಿದ್ದ ಎಂಜಿಎಂ ಸ್ಟುಡಿಯೋ ತನ್ನ ದಶಕಗಳ ಪ್ರಾಪರ್ಟಿ, ಬಟ್ಟೆಬರೆ ಎಲ್ಲವನ್ನೂ ಒಟ್ಟಿಗೆ ಮಾರಿತು. ಕೊಂಡವರು ವಾರಗಟ್ಟಲೆ ಹರಾಜು ಹಾಕಿದರು. ಕೆಂಪು ಶೂಗಳು ಬೆಳಕಿಗೆ ಬಂದದ್ದು ಆಗಲೇ. ಹರಾಜಿಗೆ ಬಟ್ಟೆ ವಿಂಗಡಿಸುವ ಕೆಲಸ ಕೆಂಟ್ ವಾರ್ನರ್ ಎಂಬ ಕಾಸ್ಟ್ಯೂಮರ್‌ಗೆ ಸಿಕ್ಕಿತ್ತು. ಹಳೇ ಕಟ್ಟಡವೊಂದರಲ್ಲಿ ಧೂಳು ಹಿಡಿದು ಬಿದ್ದಿದ್ದ ಶೂಗಳು ಅವರ ಕಣ್ಣಿಗೆ ಬಿದ್ದವು. ಒಂದು ಜೊತೆ ಹರಾಜಿನಲ್ಲಿ 15 ಸಾವಿರ ಡಾಲರಿಗೆ ಹೋಯಿತು. ಉಳಿದವು ಅವರ ಕೈಯಿಂದ ಬೇರೆ ಬೇರೆ ಕಡೆ ಹರಡಿಕೊಂಡವು. ಈಗ ಇವೆ ಅಂತ ಗೊತ್ತಿರುವುದು ನಾಲ್ಕು ಜೊತೆ.

ಅದೇ ಹರಾಜಿನಲ್ಲಿ ನಟಿ ಡೆಬ್ಬಿ ರೆನಾಲ್ಡ್ಸ್ ಕೈತುಂಬ ಕೊಂಡರು. ಇವೆಲ್ಲ ಹೀಗೆ ಚದುರಿ ಹೋಗಬಾರದು, ಒಂದು ಮ್ಯೂಸಿಯಂ ಆಗಬೇಕು ಅನ್ನುವುದು ಅವರ ಹಟ. ನಲವತ್ತು ವರ್ಷ ಕೂಡಿಟ್ಟರು. ಅವರು ಬಯಸಿದ ಹಾಗೆ ಶಾಶ್ವತ ಮ್ಯೂಸಿಯಂ ಆಗಲೇ ಇಲ್ಲ. 2011ರಲ್ಲಿ ಮಾರಬೇಕಾಯಿತು. ಮರ್ಲಿನ್ ಮನ್ರೋಳ ಗಾಳಿಗೆ ಹಾರುವ ಬಿಳಿ ಗೌನು, ‘ದಿ ಸೆವೆನ್ ಇಯರ್ ಇಚ್’ನದ್ದು, ಆ ಹರಾಜಿನಲ್ಲಿ ಕಮಿಷನ್ ಬಿಟ್ಟು 46 ಲಕ್ಷ ಡಾಲರಿಗೆ ಹೋಯಿತು. ಅಷ್ಟು ಹೊತ್ತಿಗೆ ಅದು ಬಿಳಿಯಾಗಿ ಉಳಿದಿರಲಿಲ್ಲ, ಕೆನೆ ಬಣ್ಣಕ್ಕೆ ತಿರುಗಿತ್ತು. ಎಲ್ಲರೂ ನಗುವಾಗ ಇವುಗಳನ್ನು ಎತ್ತಿಟ್ಟುಕೊಂಡ ಒಬ್ಬ ಹೆಂಗಸು, ಜಗತ್ತು ಅವುಗಳ ಬೆಲೆ ಒಪ್ಪಿಕೊಂಡ ದಿನವೇ ಅವನ್ನು ಕೈಬಿಡಬೇಕಾದದ್ದು. ದುಡ್ಡು ಬಂತು ನಿಜ. ಆದರೆ ಗೆದ್ದರು ಅಂತ ನನಗೆ ಹೇಳಲಾಗದು.

ಈ ವಿಷಯದಲ್ಲಿ ‘ಸಿಟಿಜನ್ ಕೇನ್’ನ ಜಾರುಬಂಡಿ ಕಥೆಯನ್ನು ಮೀರಿಸುವುದು ಕಷ್ಟ. ಆ ಸಿನಿಮಾ ಇರುವುದೇ ಜೀವನವಿಡೀ ವಸ್ತು ಗುಡ್ಡೆ ಹಾಕಿದ ಒಬ್ಬ ಶ್ರೀಮಂತನ ಬಗ್ಗೆ. ಅವನಿಗೆ ನಿಜವಾಗಿ ಬೇಕಿದ್ದ ಒಂದೇ ವಸ್ತು, ಚಿಕ್ಕಂದಿನಲ್ಲಿ ಹಿಮದ ಮೇಲೆ ಕೂತು ಜಾರುತ್ತಿದ್ದ ಮರದ ಬಂಡಿ, ಕೊನೆಗೆ ಗುಜರಿಯ ಜೊತೆ ಕುಲುಮೆಗೆ ಹೋಗುತ್ತೆ. ಸುಡುವುದಕ್ಕೆ ಅಂತ ಬಾಲ್ಸಾ ಮರದಲ್ಲಿ ಮಾಡಿದ್ದವುಗಳಲ್ಲಿ ಉಳಿದುಕೊಂಡ ಒಂದನ್ನು 1982ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ 60,500 ಡಾಲರಿಗೆ ಕೊಂಡರು. ಇನ್ನೊಂದು, ಗಟ್ಟಿ ಮರದ್ದು, ನಿರ್ದೇಶಕ ಜೋ ಡಾಂಟೆಗೆ 1984ರಲ್ಲಿ ಸಿಕ್ಕಿತು. ಸ್ಟುಡಿಯೋ ಜಾಗ ಖಾಲಿ ಮಾಡುತ್ತಿದ್ದ ಕೆಲಸಗಾರನೊಬ್ಬ ಕಸಕ್ಕೆ ಹಾಕುವ ಮುಂಚೆ ಬೇಕಾ ಅಂತ ಕೇಳಿದ್ದನಂತೆ. ಡಾಂಟೆ ಅದನ್ನು ತಮ್ಮದೇ ಕೆಲವು ಸಿನಿಮಾಗಳಲ್ಲಿ ಹಿನ್ನೆಲೆಯಲ್ಲಿ ಸುಮ್ನೆ ಇಟ್ಟು ಬಳಸಿದರು. 2025ರಲ್ಲಿ ಅದು ಹರಾಜಾದದ್ದು 1.475 ಕೋಟಿ ಡಾಲರಿಗೆ. ಕಥೆಯಲ್ಲಿ ಯಾರೂ ಉಳಿಸದ ವಸ್ತುವನ್ನು ಕಥೆಯ ಹೊರಗೆ ಒಬ್ಬ ಕೆಲಸಗಾರ ಒಂದು ಮಾತು ಕೇಳಿ ಉಳಿಸಿದ. ಸಂಗ್ರಾಹಕರ ಹೆಸರುಗಳೆಲ್ಲ ದಾಖಲಾಗಿವೆ, ಆ ಕೆಲಸಗಾರನ ಹೆಸರನ್ನು ಯಾರಾದರೂ ಬರೆದಿಟ್ಟಿದ್ದರೆ ಚೆನ್ನಾಗಿತ್ತು.

ಮರದ ಗೆರೆಯ ಸಾಕ್ಷಿ

ದುಡ್ಡು ಇಷ್ಟು ಓಡಾಡಿದ ಮೇಲೆ ಮೋಸ ಬಾರದೇ ಇರುತ್ತಾ? ಮೊದಲೇ ಸುಳ್ಳು ವಸ್ತು, ಅದಕ್ಕೆ ಇನ್ನೊಂದು ಸುಳ್ಳು ಮಾಡುವುದು ಯಾವ ಮಹಾ ಕೆಲಸ! ಅಸಲಿ ಅಂತ ಸರ್ಟಿಫಿಕೇಟು ಕೊಡುತ್ತಾರೆ, ಆದರೆ ಕಾಗದದ ಬೆಲೆ ಅದಕ್ಕೆ ಸಹಿ ಹಾಕಿದವರ ಬೆಲೆಯಷ್ಟೇ. ಅದಕ್ಕೇ ಗಂಭೀರ ಸಂಗ್ರಾಹಕರು ಬೇರೆ ದಾರಿ ಹಿಡಿದಿದ್ದಾರೆ. ಸಿನಿಮಾವನ್ನು ಫ್ರೇಮ್ ಫ್ರೇಮಾಗಿ ನಿಲ್ಲಿಸಿ, ವಸ್ತುವಿನ ಮೇಲಿನ ಗೀರು, ಚಕ್ಕೆ ಎದ್ದ ಜಾಗ, ಮರದ ಗೆರೆ, ಚೌಕಳಿ ಹೊಲಿಗೆಯಲ್ಲಿ ಎಲ್ಲಿ ಸೇರುತ್ತೆ ಅನ್ನುವುದನ್ನೆಲ್ಲ ಹೋಲಿಸುತ್ತಾರೆ. ಎರಡು ಮರದ ತುಂಡಿನ ಗೆರೆ ಒಂದೇ ಥರ ಇರಲ್ಲ, ಬೆರಳಚ್ಚಿನ ಹಾಗೆ. ಹೊಂದಿಕೆಯಾದರೆ ಬೆಲೆ ಹತ್ತಾರು ಪಟ್ಟು ಏರುತ್ತೆ.

ಈ ಪತ್ತೇದಾರಿಕೆ ನನಗೆ ಒಂದು ಕಡೆ ಹುಚ್ಚಾಟ ಅನ್ನಿಸುತ್ತೆ, ಇನ್ನೊಂದು ಕಡೆ ಹೊಟ್ಟೆಕಿಚ್ಚು. ಸಿನಿಮಾವನ್ನು ಇಷ್ಟು ಹತ್ತಿರದಿಂದ ನೋಡುವವರು ಬೇರೆ ಯಾರಿದ್ದಾರೆ? ವಿಮರ್ಶಕರೂ ನೋಡಲ್ಲ. ನಾಯಕಿ ಅಳುವ ದೃಶ್ಯದಲ್ಲಿ ಇವರ ಕಣ್ಣು ಹಿಂದಿನ ಮೇಜಿನ ಮೇಲಿರುವ ಲೋಟದ ಮೇಲೆ. ಎಫ್‌ಬಿಐ ಪತ್ತೆ ಮಾಡಿದ ಶೂಗಳನ್ನು ಸ್ಮಿತ್‌ಸೋನಿಯನ್ ಮ್ಯೂಸಿಯಂನವರು ತಮ್ಮಲ್ಲಿದ್ದ ಜೊತೆಯ ಪಕ್ಕ ಇಟ್ಟು ನೋಡಿದಾಗ ಒಂದು ಮಜಾ ಹೊರಬಿತ್ತು. ಎರಡೂ ಕಡೆ ಇದ್ದದ್ದು ಅದಲುಬದಲಾದ ಜೊತೆ. ಇದರ ಎಡಗಾಲು ಅದರ ಬಲಗಾಲಿಗೆ ಸರಿ, ಅದರದ್ದು ಇದಕ್ಕೆ. ದಶಕಗಟ್ಟಲೆ ಲಕ್ಷಾಂತರ ಜನ ಗಾಜಿನ ಮುಂದೆ ನಿಂತು ನೋಡಿದರೂ ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೂ ಯಾರಿಗೂ ನಷ್ಟವಾಗಲಿಲ್ಲ.

ಕೆಲವೊಮ್ಮೆ ಬೇಟೆ ಉಲ್ಟಾ ಹೊಡೆಯುತ್ತೆ. 1977ರ ‘ಸ್ಟಾರ್ ವಾರ್ಸ್’ನಲ್ಲಿ ನಾಯಕನ ಬೆಳಕಿನ ಕತ್ತಿಯ ಹಿಡಿಯನ್ನು ಮಾಡಿದ್ದು ಗ್ರಾಫ್ಲೆಕ್ಸ್ ಅನ್ನುವ ಹಳೇ ಪತ್ರಿಕಾ ಕ್ಯಾಮೆರಾದ ಫ್ಲ್ಯಾಶ್ ಹಿಡಿಯಿಂದ. ಫೋಟೋ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ಈಗ ಅದೇ ಫ್ಲ್ಯಾಶ್ ಹಿಡಿಗಳನ್ನು ಸಿನಿಮಾ ಅಭಿಮಾನಿಗಳು ಹುಡುಕಿ ಹುಡುಕಿ ಕೊಳ್ಳುತ್ತಾರೆ, ಹಳೇ ಕ್ಯಾಮೆರಾ ಸಂಗ್ರಹಿಸುವವರಿಗೆ ಫ್ಲ್ಯಾಶೇ ಸಿಗಲ್ಲ. ಕ್ಯಾಮೆರಾದ ಒಂದು ನಿಜವಾದ ಭಾಗ ಸುಳ್ಳು ಕತ್ತಿಯಾಗಿ ಕ್ಯಾಮೆರಾ ಮುಂದೆ ನಿಂತು ಹೆಚ್ಚು ಬೆಲೆ ಗಳಿಸಿತು. ಇದಕ್ಕೆ ನಾನೇನೂ ಟಿಪ್ಪಣಿ ಸೇರಿಸಬೇಕಿಲ್ಲ.

ಪುಡಿಯಾಗುವ ಸಂಗ್ರಹ

ಇನ್ನೊಂದು ತೊಂದರೆ ಇದೆ. ಹರಾಜಿನ ಕ್ಯಾಟಲಾಗುಗಳು ಇದರ ಬಗ್ಗೆ ಜಾಸ್ತಿ ಮಾತಾಡಲ್ಲ. ಪ್ರಾಪ್ಸುಗಳನ್ನು ಬಾಳಿಕೆ ಬರಲಿ ಅಂತ ಯಾರೂ ಮಾಡುವುದಿಲ್ಲ. ಶೂಟಿಂಗ್ ಮುಗಿಯುವವರೆಗೆ ನಿಂತರೆ ಸಾಕು. ರಾಕ್ಷಸ, ಅನ್ಯಗ್ರಹದ ಜೀವಿ, ಮುದುಕನ ಮುಖವಾಡ ಇವೆಲ್ಲ ಹೆಚ್ಚಾಗಿ ಫೋಮ್ ಲೇಟೆಕ್ಸಿನವು, ಸ್ಪಂಜಿನಂಥ ಮೆತ್ತನೆ ರಬ್ಬರು. ಗಾಳಿ, ಬೆಳಕು, ಶಾಖ ತಗುಲಿದ ಹಾಗೆ ಅದು ಗಟ್ಟಿಯಾಗಿ, ಬಿರುಕು ಬಿಟ್ಟು, ಪುಡಿ ಉದುರಲು ಶುರುವಾಗುತ್ತೆ. ಲಕ್ಷಗಟ್ಟಲೆ ಕೊಟ್ಟು ತಂದವರು ದಿನಾ ಬೆಳಿಗ್ಗೆ ಗಾಜಿನ ಪೆಟ್ಟಿಗೆಯ ತಳದಲ್ಲಿ ಬಿದ್ದ ಪುಡಿಯನ್ನು ನೋಡಬೇಕು. ಹೊಸದಾಗಿ ಲೇಟೆಕ್ಸ್ ತುಂಬಿ ರಿಪೇರಿ ಮಾಡಿಸಿದರೆ ಅದು ಅದೇ ವಸ್ತುವಾಗಿ ಉಳಿಯಿತಾ ಅನ್ನುವ ಜಗಳ ಬೇರೆ. ನನ್ನ ಅಭಿಪ್ರಾಯ ಕೇಳಿದರೆ, ಪುಡಿಯಾಗಲು ಬಿಡಿ. ಮೂರು ತಿಂಗಳ ಬಾಳಿಕೆಗೆ ಮಾಡಿದ ವಸ್ತು ನಲವತ್ತು ವರ್ಷ ನಿಂತಿದ್ದೇ ದೊಡ್ಡದು. ಆದರೆ ದುಡ್ಡು ಕೊಟ್ಟವನು ನಾನಲ್ಲ, ಹೇಳುವುದು ಸುಲಭ.

ಕೆಂಪು ಶೂಗಳ ಚಮಕಿಯದ್ದೂ ಇದೇ ಪಾಡು. ಸ್ಮಿತ್‌ಸೋನಿಯನ್ನಿನವರು ತಮ್ಮ ಜೊತೆಯನ್ನು ಉಳಿಸಿಕೊಳ್ಳುವುದಕ್ಕೆ 2016ರಲ್ಲಿ ಜನರ ಮುಂದೆ ಕೈಚಾಚಿದಾಗ 3 ಲಕ್ಷ ಡಾಲರಿಗೂ ಜಾಸ್ತಿ ಬಂತು. ಪರೀಕ್ಷೆ ಮಾಡಿ ನೋಡಿದರೆ ಆ ಚಮಕಿಗಳ ಒಳಗೆ ಇರುವುದು ಜೆಲಟಿನ್, ಮೇಲೆ ಸೆಲ್ಯುಲೋಸ್ ನೈಟ್ರೇಟಿನ ಲೇಪ. ನೀರು ಬಿದ್ದರೆ ಕರಗುತ್ತೆ, ಬಿಸಿ ತಾಗಿದರೆ ಹಾಳು, ಬೆಳಕಿಗೆ ಬಣ್ಣ ಹೋಗುತ್ತೆ. ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆದದ್ದು ಬೇರೆ. ಆ ಕಾಲದ ಸಿನಿಮಾ ರೀಲು ಕೂಡ ಅದೇ ಎರಡು ಪದಾರ್ಥದಿಂದ ಆದದ್ದು. ಸೆಲ್ಯುಲೋಸ್ ನೈಟ್ರೇಟಿನ ಪಟ್ಟಿ, ಅದರ ಮೇಲೆ ಬೆಳಕು ಹಿಡಿಯುವ ಜೆಲಟಿನ್ ಪದರ. ಶೂ ಮತ್ತು ಆ ಶೂವಿನ ಚಿತ್ರ, ಎರಡೂ ಒಂದೇ ಸಾಮಗ್ರಿ. ಹಾಳಾಗುವ ರೀತಿಯೂ ಹತ್ತಿರ ಹತ್ತಿರ ಒಂದೇ. ಇದನ್ನು ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ‘ಇದಕ್ಕೆ 3 ಕೋಟಿ ಡಾಲರ್ ಕೊಡಬಹುದು ಅಂತೀಯಾ?’ ಅಂದ. ಕೊಡಬಹುದು ಅಂತ ನಾನು ಹೇಳಿಲ್ಲ, ಕೊಟ್ಟವರಿಗೆ ತಲೆ ಕೆಟ್ಟಿಲ್ಲ ಅಂತಷ್ಟೇ ಹೇಳಿದ್ದು ಅಂದೆ. ಅವನಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಮನೆ ಗೋಡೆಗೆ ನೇತುಹಾಕುವ ರೆಪ್ಲಿಕಾಗಳು ಬೇಕಾದಷ್ಟು ಸಿಗುತ್ತವೆ. ಅಸಲಿಗಿಂತ ಚೆನ್ನಾಗಿಯೇ ಇರುತ್ತವೆ, ಎಲ್ಲ ಬದಿಗೂ ಬಣ್ಣ ಬಳಿದಿರುತ್ತಾರೆ. ನನಗೆ ಬೇಡವಾಗುವುದು ಅದೇ ಕಾರಣಕ್ಕೆ. ಹಿಂಭಾಗವೂ ಮುಂಭಾಗದಷ್ಟೇ ಚಂದ ಇದ್ದರೆ ಅಲ್ಲಿ ನೋಡುವುದಕ್ಕೆ ಏನಿದೆ?

ನನ್ನ ಕೈಗೆಟುಕುವಂಥದ್ದು, ನನಗೆ ನಿಜವಾಗಿ ಬೇಕಾದದ್ದು ಬೇರೆಯೇ ಒಂದಿದೆ. ಮೊಬೈಲ್ ಕ್ಯಾಮೆರಾ ಬರುವ ಮುಂಚೆ ಕಂಟಿನ್ಯೂಟಿಗೆ ಅಂತ ಪೋಲರಾಯ್ಡ್ ಫೋಟೋ, ಅಂದರೆ ಕ್ಲಿಕ್ಕಿಸಿದ ಕೂಡಲೇ ಕೈಗೆ ಬರುವ ಫೋಟೋ, ತೆಗೆಯುತ್ತಿದ್ದರು. ಮಧ್ಯಾಹ್ನ ನಿಂತ ಸೀನು ಮೂರು ವಾರ ಬಿಟ್ಟು ಮುಂದುವರಿಯಬೇಕಾದರೆ ಬಟ್ಟೆ, ಕೂದಲು ಹಾಗೇ ಇರಬೇಕಲ್ಲ. ಫೋಟೋದಲ್ಲಿ ನಟ ಅಭಿನಯಿಸುತ್ತಿರಲ್ಲ, ಸಾಕಾಗಿ ನಿಂತಿರುತ್ತಾನೆ, ಯಾವಾಗ ಬಿಡ್ತೀರಾ ಅನ್ನುವ ಮುಖ. ಕೆಳಗಿನ ಬಿಳಿ ಪಟ್ಟಿಯಲ್ಲಿ ಪೆನ್ನಿನಲ್ಲಿ ಬರೆದ ಟಿಪ್ಪಣಿ: ಎಡ ತೋಳು ಎರಡು ಮಡಿಕೆ, ಮೂರನೇ ಗುಂಡಿ ಬಿಚ್ಚಿದೆ, ವಾಚು ಇಲ್ಲ. ಅಂಥ ಒಂದು ಫೋಟೋ ಸಿಕ್ಕರೆ ಪಾತ್ರ, ನಟ, ಬಟ್ಟೆ, ಅದನ್ನು ನೋಡಿಕೊಂಡವರು, ಎಲ್ಲರೂ ಒಂದೇ ಚೌಕದಲ್ಲಿ ಸಿಕ್ಕ ಹಾಗೆ. ಇವುಗಳನ್ನು ಯಾರೂ ಕೇಳಲ್ಲ, ಮೂಟೆಗಟ್ಟಲೆ ಕಸಕ್ಕೆ ಹೋಗಿರಬೇಕು ಅಂತ ತಿಳಿದಿದ್ದೆ. ಮೊನ್ನೆ ಒಂದು ಹರಾಜಿನ ಪಟ್ಟಿ ತೆಗೆದು ನೋಡಿದರೆ ಅವಕ್ಕೂ ಲಾಟ್ ನಂಬರ್ ಬಿದ್ದಿದೆ, ಆಗಲೇ ನಾಲ್ಕು ಜನ ಕೂಗಿದ್ದಾರೆ.